ಹಂಪಿಯ ಬಂಡೆ, ತೋಟದ ಏಣಿ, ಮಂಡಿಯ ತಕ್ಕಡಿ

ಹಂಪಿಯನ್ನು ಒಮ್ಮೆಯಾದರೂ ನೋಡಿ ಬಾರದ ಬೆಳೆಗಾರ ಕುಟುಂಬ ನಮ್ಮ ಸಂಘದಲ್ಲಿ ವಿರಳವೆಂದೇ ಹೇಳಬೇಕು. ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ ಹೊರಟವರು ವಿರೂಪಾಕ್ಷನಿಗೆ ಕೈಮುಗಿದು, ಕಲ್ಲಿನ ರಥದ ಮುಂದೆ ಪಟ ತೆಗೆಸಿಕೊಂಡು, ತುಂಗಭದ್ರಾ ಅಣೆಕಟ್ಟೆಯನ್ನು ನೋಡಿಕೊಂಡು ಹಿಂತಿರುಗುತ್ತಾರೆ. ಆದರೆ ಹೊಸಪೇಟೆಯನ್ನು ಬಿಟ್ಟು ಕಮಲಾಪುರ, ಕಂಪ್ಲಿ, ಮೆಟ್ರಿಯ ಸೀಮೆಯಲ್ಲಿ ಓಡಾಡುವಾಗ ಗುಡ್ಡಗಳ ಮೇಲೆ ಒಂದರ ಮೇಲೊಂದು ಕುಳಿತಿರುವ ಬಂಡೆಗಳನ್ನು ಕಂಡು "ಇವು ಬೀಳದೆ ಹೇಗೆ ನಿಂತಿವೆ?" ಎಂದು ಕೇಳದ ಮಗುವಿಲ್ಲ. ದೊಡ್ಡವರು ವಾಲಿ ಸುಗ್ರೀವರು ಕಾಳಗದಲ್ಲಿ ಎಸೆದಾಡಿದ ಕಲ್ಲುಗಳೆಂದು ಹೇಳಿ ಮಾತು ಮುಗಿಸುತ್ತಾರೆ. ಕಥೆ ಚೆನ್ನಾಗಿಯೇ ಇದೆ. ಆದರೆ ಮಗುವಿನ ಪ್ರಶ್ನೆಗೆ ಸರಿಯಾದ ಉತ್ತರ ತಿಳಿದರೆ, ನಮ್ಮ ತೋಟದ ತಿರುವಿನಲ್ಲಿ ಟ್ರೇಲರ್ ಏಕೆ ಮಗುಚುತ್ತದೆ, ಮೆಣಸು ಕೊಯ್ಯುವವನ ಏಣಿ ಏಕೆ ಜಾರುತ್ತದೆ, ಮಂಡಿಯಲ್ಲಿ ಕ್ವಿಂಟಲಿಗೆ ಎರಡು ಕಿಲೋ ಎಲ್ಲಿಗೆ ಹೋಗುತ್ತದೆ ಎಂಬುದೂ ತಿಳಿಯುತ್ತದೆ. ಆದ್ದರಿಂದ ಈ ತಿಂಗಳು ಬೆಲೆಪಟ್ಟಿ, ಗೊಬ್ಬರದ ಮಾತು ಬದಿಗಿಟ್ಟು ಶಾಲೆಯ ಭೌತಶಾಸ್ತ್ರದ ಒಂದು ಪಾಠವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಮೊದಲು ಬಂಡೆಗಳ ವಿಚಾರ. ಇವನ್ನು ಯಾರೂ ಹೊತ್ತು ತಂದು ಇಟ್ಟದ್ದಲ್ಲ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ ಗ್ರಾನೈಟ್ ಪಟ್ಟಿ ದಕ್ಷಿಣದಿಂದ ಈ ಭಾಗದವರೆಗೂ ಹಬ್ಬಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕಲ್ಲು ನೆಲದೊಳಗೆ ಇದ್ದಾಗಲೇ ಅದರಲ್ಲಿ ಅಡ್ಡಡ್ಡ, ಉದ್ದುದ್ದ ಸೀಳುಗಳು ಬಿದ್ದವು. ಸೀಳಿನೊಳಗೆ ನೀರಿಳಿದು ಕಲ್ಲಿನ ಮೂಲೆಗಳು ಕೊಳೆತು ಮಣ್ಣಾದವು, ನಡುವಿನ ಗಟ್ಟಿ ಭಾಗ ಗುಂಡಾಗಿ ಉಳಿಯಿತು. ಮೇಲಿನ ಮಣ್ಣು ಮಳೆಗೆ ತೊಳೆದುಹೋದಂತೆ ಗುಂಡುಗಳು ಇದ್ದಲ್ಲಿಯೇ, ಒಂದರ ಮೇಲೊಂದು ಬಯಲಾದವು. ಹಾಗೆ ಬಯಲಾದವುಗಳಲ್ಲಿ ನೆಟ್ಟಗೆ ಕೂರಲಾರದವು ಎಂದೋ ಉರುಳಿ ತಪ್ಪಲಿನಲ್ಲಿ ಬಿದ್ದಿವೆ. ಮೇಲೆ ಉಳಿದಿರುವುದು ಸಮತೋಲ ಇದ್ದವು ಮಾತ್ರ. ನಾವು ಬೆರಗಾಗಿ ನೋಡುವುದು ಗೆದ್ದವುಗಳನ್ನು. ಸೋತವು ಕಾಲಬುಡದಲ್ಲೇ ಬಿದ್ದಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಸಮತೋಲವೆಂದರೆ ಏನು? ಯಾವುದೇ ವಸ್ತುವಿನ ಭಾರವೆಲ್ಲ ಒಂದೇ ಬಿಂದುವಿನಲ್ಲಿ ಕೂಡಿದೆ ಎಂದು ಲೆಕ್ಕ ಹಿಡಿಯಬಹುದು. ಇದಕ್ಕೆ ಗುರುತ್ವ ಕೇಂದ್ರ ಎನ್ನುತ್ತಾರೆ. ಆ ಬಿಂದುವಿನಿಂದ ಗಾರೆ ಕೆಲಸದವರ ತೂಗುಗುಂಡನ್ನು ಇಳಿಬಿಟ್ಟೆವು ಎಂದುಕೊಳ್ಳಿ. ದಾರವು ವಸ್ತುವಿನ ಬುಡದೊಳಗೆ ನೆಲ ಮುಟ್ಟಿದರೆ ವಸ್ತು ನಿಲ್ಲುತ್ತದೆ, ಬುಡದ ಹೊರಗೆ ಮುಟ್ಟಿದರೆ ಬೀಳುತ್ತದೆ. ಇಷ್ಟೇ ಸೂತ್ರ. ಈ ದಾರವನ್ನು ನಾನು ಮುಂದೆ ಭಾರದ ಗೆರೆ ಎಂದು ಕರೆಯುತ್ತೇನೆ. ಬುಡವೆಂದರೆ ನೆಲಕ್ಕೆ ತಾಗಿದ ಜಾಗ ಮಾತ್ರವಲ್ಲ, ತಾಗಿದ ತುದಿಗಳನ್ನು ಸುತ್ತಿ ಹಗ್ಗ ಹಾಕಿದರೆ ಒಳಗೆ ಸಿಗುವ ಜಾಗವೆಲ್ಲ ಬುಡವೇ. ಮೂರು ಕಾಲಿನ ಮಣೆಗೆ ಮೂರು ಕಾಲಿನ ನಡುವಿನ ಮುಕ್ಕೋನವೇ ಬುಡ. ಹಂಪಿಯ ಬಂಡೆ ಎಷ್ಟೇ ಓರೆಯಾಗಿ ಕಂಡರೂ ಅದರ ಭಾರದ ಗೆರೆ ಕೆಳಗಿನ ಕಲ್ಲಿಗೆ ತಾಗಿದ ಜಾಗದೊಳಗೇ ಬೀಳುತ್ತಿದೆ. ಓರೆ ಎನ್ನುವುದು ನಮ್ಮ ಕಣ್ಣಿಗೆ, ಬಂಡೆಗಲ್ಲ.

ಸಮತೋಲದಲ್ಲಿ ಮೂರು ಬಗೆ. ಮನೆಯಲ್ಲಿರುವ ಕಾಫಿ ಬೀಜದಿಂದಲೇ ಇದನ್ನು ಮಕ್ಕಳಿಗೆ ತೋರಿಸಬಹುದು. ಬೀಜದ ಚಪ್ಪಟೆ ಮುಖವನ್ನು ತಟ್ಟೆಯ ಮೇಲೆ ಕೆಳಗಾಗಿ ಇಡಿ. ಸ್ವಲ್ಪ ಎತ್ತಿ ಬಿಟ್ಟರೆ ಮೊದಲಿನ ಸ್ಥಿತಿಗೇ ಬರುತ್ತದೆ. ಇದು ಸ್ಥಿರ ಸಮತೋಲ. ಅದೇ ಬೀಜವನ್ನು ಉಗುರಿನಲ್ಲಿ ಹಿಡಿದು ಅಂಚಿನ ಮೇಲೆ ನಿಲ್ಲಿಸಲು ನೋಡಿ. ಒಂದು ಕ್ಷಣ ನಿಂತಂತೆ ಮಾಡಿ ಉಸಿರು ತಾಗಿದರೆ ಮಗುಚುತ್ತದೆ. ಇದು ಅಸ್ಥಿರ ಸಮತೋಲ. ಇನ್ನು ಪೀಬೆರಿ ಕಾಳನ್ನು ಅಡ್ಡ ಮಲಗಿಸಿ ಬೆರಳಿನಿಂದ ತಳ್ಳಿ. ಉರುಳಿ ಎಲ್ಲಿ ನಿಂತಿತೋ ಅಲ್ಲಿಯೇ ನಿಲ್ಲುತ್ತದೆ, ಹಿಂದಕ್ಕೂ ಬರುವುದಿಲ್ಲ, ಮಗುಚುವುದೂ ಇಲ್ಲ. ಇದು ತಟಸ್ಥ ಸಮತೋಲ. ತಳ್ಳಿದಾಗ ಗುರುತ್ವ ಕೇಂದ್ರ ಮೇಲೇಳಬೇಕಾದರೆ ಸ್ಥಿರ, ಕೆಳಗಿಳಿಯುವುದಾದರೆ ಅಸ್ಥಿರ, ಅದೇ ಎತ್ತರದಲ್ಲಿ ಸಾಗುವುದಾದರೆ ತಟಸ್ಥ. ಭಾರ ಎಂದಿಗೂ ಕೆಳಗಿಳಿಯುವ ದಾರಿಯನ್ನೇ ಹುಡುಕುತ್ತಿರುತ್ತದೆ, ಇಳುಕಲಿನಲ್ಲಿ ಹರಿಯುವ ನೀರಿನ ಹಾಗೆ.

ಶತಮಾನಗಳಿಂದ ನಿಂತದ್ದೂ ಒಂದು ಮಿತಿಯವರೆಗೆ ಮಾತ್ರ ನಿಲ್ಲುತ್ತದೆ ಎಂಬುದಕ್ಕೆ ಹಂಪಿಯಲ್ಲಿಯೇ ನಿದರ್ಶನವಿದೆ. 2019ರ ಫೆಬ್ರವರಿಯಲ್ಲಿ, ಆನೆ ಲಾಯದ ಹಿಂದಿನ ದೇವಾಲಯದ ಆವರಣದಲ್ಲಿ ಯುವಕರು ಕಲ್ಲಿನ ಕಂಬವೊಂದನ್ನು ತಳ್ಳಿ ಕೆಡಹುವ ಚಿತ್ರ ಎಲ್ಲೆಡೆ ಹರಡಿ ನಾಡಿನ ಜನ ಸಿಟ್ಟಿಗೆದ್ದರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂ. ದಂಡ ವಿಧಿಸಿದ್ದಲ್ಲದೆ ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಒಳ್ಳೆಯ ತೀರ್ಪು. ಆದರೆ ಕಲ್ಲಿನ ಕಂಬ ನಾಲ್ಕು ಜನರ ತೋಳಿಗೆ ಬಿತ್ತಲ್ಲ ಎಂದು ಆಶ್ಚರ್ಯಪಟ್ಟವರಿಗೆ ಒಂದು ಲೆಕ್ಕ ಹೇಳುತ್ತೇನೆ. ಒಂದೂವರೆ ಅಡಿ ಚೌಕದ, 9 ಅಡಿ ಎತ್ತರದ, ಬುಡ ನೆಲದಲ್ಲಿ ಹೂಳದ ಗ್ರಾನೈಟ್ ಕಂಬ ಸುಮಾರು ಒಂದೂವರೆ ಟನ್ ತೂಗುತ್ತದೆ. ಇದನ್ನು ನೆಲದಿಂದ 5 ಅಡಿ ಎತ್ತರದಲ್ಲಿ ತಳ್ಳಿ ಬುಡದ ಒಂದು ಅಂಚನ್ನು ಎಬ್ಬಿಸಲು ಬೇಕಾದದ್ದು ಸುಮಾರು 230 ಕಿಲೋ ಒತ್ತಡ. ನಾಲ್ವರಿಗೆ ಹಂಚಿದರೆ ತಲೆಗೆ 60 ಕಿಲೋಗಿಂತ ಕಡಿಮೆ. ತೂಗಾಡಿಸಿದರೆ ಇನ್ನೂ ಸುಲಭ. ಸುಮಾರು ಒಂಬತ್ತೂವರೆ ಡಿಗ್ರಿ ವಾಲಿದರೆ ಭಾರದ ಗೆರೆ ಅಂಚನ್ನು ದಾಟುತ್ತದೆ, ಮುಂದಿನ ಕೆಲಸವನ್ನು ಕಂಬದ ತೂಕವೇ ಮಾಡುತ್ತದೆ. ಎತ್ತರ ಹೆಚ್ಚಿದಷ್ಟೂ, ಬುಡ ಕಿರಿದಾದಷ್ಟೂ ಈ ಮಿತಿ ಸಣ್ಣದಾಗುತ್ತದೆ.

ಎತ್ತರದ ಮಾತು ಬಂದಾಗ ತೇರುಗಳು ನೆನಪಾಗುತ್ತವೆ. ಆನೇಕಲ್ ತಾಲ್ಲೂಕಿನ ಹುಸ್ಕೂರು ಜಾತ್ರೆಯಲ್ಲಿ ನೂರು ಅಡಿ ಮೀರಿದ ತೇರುಗಳನ್ನು ಕಟ್ಟುತ್ತಾರೆ. 2024ರ ಏಪ್ರಿಲಿನಲ್ಲಿ ಒಂದು ಉರುಳಿತು. 2025ರ ಮಾರ್ಚಿನಲ್ಲಿ ಗಾಳಿಮಳೆಗೆ ಮತ್ತೆ ಉರುಳಿ ಪ್ರಾಣಹಾನಿಯೂ ಆಯಿತು. ಭಕ್ತಿಗೆ ಎತ್ತರದ ಮಿತಿ ಇಲ್ಲದಿರಬಹುದು, ಗಾಡಿಯ ಅಗಲಕ್ಕೆ ಇದೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನಲ್ಲಿ ಆದದ್ದು ಬೇರೆ ಬಗೆ. ಅಲ್ಲಿ ತೇರಿನ ಅಚ್ಚು ಮುರಿದು ರಥ ವಾಲಿ ಬಿದ್ದು ಹಲವರು ಗಾಯಗೊಂಡರು. ಸಮತೋಲದ ಲೆಕ್ಕ ಸರಿಯಾಗಿದ್ದರೂ ಹೊತ್ತ ಆಸರೆ ಮುರಿದರೆ ಲೆಕ್ಕ ಕೆಲಸಕ್ಕೆ ಬಾರದು. ಹಂಪಿಯ ದಾರಿಯಲ್ಲಿ ಒಂದನ್ನೊಂದು ಆತುಕೊಂಡು ನಿಂತಿದ್ದ ಅಕ್ಕ ತಂಗಿಯರ ಬಂಡೆಗಳಲ್ಲೂ ಒಂದರ ಭಾಗ ಸೀಳಿ ಕುಸಿದಿದೆ. ಕೋಟಿ ವರ್ಷದ ಕಲ್ಲಿಗೇ ಹೀಗಾದರೆ ಹತ್ತು ವರ್ಷ ಹಳೆಯ ಟ್ರೇಲರಿನ ಅಚ್ಚನ್ನು ನಂಬುವ ನಾವು ಒಮ್ಮೆ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು.

ಈಗ ನಮ್ಮ ತೋಟಕ್ಕೆ ಬರೋಣ. ಪಿಕಪ್ ಗಾಡಿಯ ಎರಡು ಚಕ್ರಗಳ ನಡುವಿನ ಅಗಲ ನಾಲ್ಕೂವರೆ ಅಡಿ ಎಂದಿಟ್ಟುಕೊಳ್ಳಿ. ಹೊರೆ ಕಡಿಮೆಯಿದ್ದು ಗುರುತ್ವ ಕೇಂದ್ರ ಎರಡೂವರೆ ಅಡಿ ಎತ್ತರದಲ್ಲಿದ್ದರೆ ಗಾಡಿ ಪಕ್ಕಕ್ಕೆ 40 ಡಿಗ್ರಿ ವಾಲಿದರೂ ಮಗುಚದು. ಒಣಗಿದ ಚೆರಿ ಚೀಲಗಳನ್ನು ಕ್ಯಾಬಿನ್ನಿನ ಮೇಲಕ್ಕೂ ಏರಿಸಿ ಆ ಬಿಂದುವನ್ನು ನಾಲ್ಕೂವರೆ ಅಡಿಗೆ ತಂದರೆ 26 ಡಿಗ್ರಿಗೇ ಕಥೆ ಮುಗಿಯಿತು. "ನಮ್ಮ ರಸ್ತೆ ಅಷ್ಟು ಓರೆ ಇಲ್ಲ" ಎನ್ನುವವರು ತಿರುವನ್ನು ಮರೆಯುತ್ತಾರೆ. ತಿರುವಿನಲ್ಲಿ ಗಾಡಿಯ ಹೊರೆ ಹೊರಬದಿಗೆ ದೂಡಿಸಿಕೊಳ್ಳುತ್ತದೆ. ಹೀಗೆ ಹೊರೆ ಏರಿಸಿದ ಗಾಡಿಯನ್ನು 10 ಮೀಟರ್ ತ್ರಿಜ್ಯದ ತಿರುವಿನಲ್ಲಿ, ಸಮತಟ್ಟು ನೆಲದಲ್ಲಿಯೇ, ಗಂಟೆಗೆ 25 ಕಿ.ಮೀ. ವೇಗದಲ್ಲಿ ತಿರುಗಿಸಿದರೆ ಅದು 26 ಡಿಗ್ರಿ ಓರೆಯಲ್ಲಿ ನಿಂತಷ್ಟೇ ಅಪಾಯ. 15 ಕಿ.ಮೀ. ವೇಗಕ್ಕೆ ಇಳಿಸಿದರೆ ದೂಡುವ ಬಲ ಮೂರನೆಯ ಒಂದು ಪಾಲಿನ ಸುಮಾರಿಗೆ ಇಳಿಯುತ್ತದೆ, ಏಕೆಂದರೆ ಅದು ವೇಗದ ವರ್ಗದಂತೆ ಏರಿಳಿಯುತ್ತದೆ. ರಸ್ತೆ ಹೊರಬದಿಗೆ ಇಳುಕಲಾಗಿದ್ದರೆ ಇನ್ನೂ ಬೇಗ. ಹೊರೆಯ ತುದಿಯಲ್ಲಿ ಆಳುಗಳು ಕುಳಿತರಂತೂ ಗುರುತ್ವ ಕೇಂದ್ರವೂ ಮೇಲಕ್ಕೆ, ಬೀಳುವವರೂ ಅವರೇ. ಆನೆಗೊಂದಿಯ ಬಳಿ ಹೊಳೆ ದಾಟಿಸುವ ಹರಿಗೋಲಿನವನು ಹತ್ತಿದವರನ್ನು ತಳದಲ್ಲಿ ಕುಕ್ಕರಗಾಲಿನಲ್ಲಿ ಕೂರಿಸುವುದು ಇದೇ ಕಾರಣಕ್ಕೆ. ಅವನು ಓದಿದ ಭೌತಶಾಸ್ತ್ರ ಹೊಳೆಯದ್ದು.

ಬೋರ್ಡೋ ದ್ರಾವಣದ ಡ್ರಮ್ಮಿನ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ತುಂಬಿದ ಡ್ರಮ್ಮಿಗಿಂತ ಅರ್ಧ ಖಾಲಿಯಾದ ಡ್ರಮ್ಮು ಹಗುರ, ಹಾಗಾಗಿ ಅಪಾಯ ಕಡಿಮೆ ಎಂದು ಎಣಿಸುವುದು ತಪ್ಪು. ಅರ್ಧ ತುಂಬಿದ 200 ಲೀಟರ್ ಡ್ರಮ್ಮಿನಲ್ಲಿ 100 ಕಿಲೋ ನೀರು ಬೇಕಾದ ಕಡೆಗೆ ಓಡಾಡುತ್ತದೆ. ಗಾಡಿ ಎಡಕ್ಕೆ ವಾಲಿದಾಗ ನೀರೂ ಎಡಕ್ಕೇ ಓಡುತ್ತದೆ. ವಾಲಿದ ಗಾಡಿಯನ್ನು ಇನ್ನಷ್ಟು ವಾಲಿಸುತ್ತದೆ. ಒಂದು ದೊಡ್ಡ ಟ್ಯಾಂಕಿನ ಬದಲು ಸಣ್ಣ ಡ್ರಮ್ಮುಗಳನ್ನು ಕಟ್ಟಿ, ಒಂದನ್ನು ಪೂರ್ತಿ ಖಾಲಿ ಮಾಡಿದ ಮೇಲೆ ಇನ್ನೊಂದಕ್ಕೆ ಕೈ ಹಾಕುವುದು ಸರಿಯಾದ ಕ್ರಮ.

ಟ್ರ್ಯಾಕ್ಟರ್ ಪಕ್ಕಕ್ಕೆ ಮಾತ್ರವಲ್ಲ, ಹಿಂದಕ್ಕೂ ಮಗುಚುತ್ತದೆ. ಕಡಿದ ಮರದ ದಿಮ್ಮಿ ಅಥವಾ ಬೊಡ್ಡೆ ಎಳೆಯುವಾಗ ಸರಪಳಿಯನ್ನು ಎಳೆಯುವ ಕಬ್ಬಿಣದ ಪಟ್ಟಿಗೇ ಕಟ್ಟಬೇಕು. ಅದು ಹಿಂದಿನ ಅಚ್ಚಿಗಿಂತ ಕೆಳಗಿರುವುದು ಸುಮ್ಮನೆ ಅಲ್ಲ. ಸರಪಳಿಯನ್ನು ಮೇಲೆ, ಸೀಟಿನ ಹಿಂದಿನ ಭಾಗಕ್ಕೆ ಕಟ್ಟಿದರೆ, ಬೊಡ್ಡೆ ಅಲುಗದಿದ್ದಾಗ ಮುಂದಿನ ಚಕ್ರಗಳು ಮೇಲೇಳುತ್ತವೆ. ಕ್ಲಚ್ಚಿಗೆ ಕಾಲು ಹೋಗುವಷ್ಟರಲ್ಲಿ ಯಂತ್ರ ಚಾಲಕನ ಮೇಲೆಯೇ ಬಿದ್ದಿರುತ್ತದೆ. ಇದನ್ನು ಬರೆಯುವಾಗ ನನಗೆ ತಮಾಷೆಯ ಮಾತು ಬರುವುದಿಲ್ಲ.

ಏಣಿಗೆ ಬಂದರೆ ಲೆಕ್ಕ ಸ್ವಲ್ಪ ಬೇರೆ. ಬಹಳ ನೆಟ್ಟಗೆ ನಿಲ್ಲಿಸಿದ ಏಣಿಯ ಮೇಲೆ ಮನುಷ್ಯ ಹಿಂದಕ್ಕೆ ಬಾಗಿ ಕೊಯ್ದರೆ ಭಾರದ ಗೆರೆ ಏಣಿಯ ಬುಡದ ಹಿಂದೆ ಬಿದ್ದು ಏಣಿ ಸಹಿತ ಅಂಗಾತ ಬೀಳುತ್ತಾನೆ. ಬಹಳ ಓರೆ ಇಟ್ಟರೆ ಬುಡ ಹಿಂದಕ್ಕೆ ಜಾರುತ್ತದೆ. ಇವೆರಡರ ನಡುವಿನ ಒಪ್ಪಿತ ಅಳತೆ ನಾಲ್ಕಕ್ಕೆ ಒಂದು: 20 ಅಡಿ ಎತ್ತರಕ್ಕೆ ಏಣಿ ಆತುಕೊಂಡರೆ ಅದರ ಬುಡ ಮರದಿಂದ 5 ಅಡಿ ದೂರ. ಇನ್ನೊಂದು ಸಂಗತಿ ಹೆಚ್ಚು ಮಂದಿಗೆ ತಿಳಿಯದು. ಕೆಳಗಿನ ಮೆಟ್ಟಿಲಿನಲ್ಲಿ ನಿಂತು ಕುಣಿದು ನೋಡಿ "ಗಟ್ಟಿಯಾಗಿದೆ" ಎಂದು ಏರುತ್ತಾರೆ. ಆದರೆ ಮನುಷ್ಯ ಮೇಲೇರಿದಷ್ಟೂ ಬುಡವನ್ನು ಹಿಂದಕ್ಕೆ ದೂಡುವ ಬಲ ಹೆಚ್ಚುತ್ತ ಹೋಗುತ್ತದೆ. ಕೆಳಗೆ ಅಲುಗದ ಏಣಿ ತುದಿಯಲ್ಲಿ ಜಾರುವುದು ಇದಕ್ಕಾಗಿಯೇ. ಬುಡವನ್ನು ನೆಲದಲ್ಲಿ ಅಗೆದು ಊರಿ, ಒಬ್ಬರು ಹಿಡಿದು ನಿಲ್ಲಬೇಕು. ಸಿಲ್ವರ್ ಓಕಿನ ದುಂಡು ಕಾಂಡದ ಮೇಲೆ ತುದಿ ಪಕ್ಕಕ್ಕೆ ಹೊರಳುವುದರಿಂದ ಮೊದಲು ಏರಿದವನು ಹಗ್ಗದಿಂದ ಕಟ್ಟಿದ ಮೇಲೆಯೇ ಮೆಣಸಿಗೆ ಕೈ ಹಾಕಲಿ. ಕೈಗೆಟುಕದ ಗೊಂಚಲಿಗೆ ಪಕ್ಕಕ್ಕೆ ವಾಲುವ ಬದಲು ಇಳಿದು ಏಣಿ ಸರಿಸುವುದು ಸೋಮಾರಿಗೆ ಬೇಸರ, ಮೂಳೆಗೆ ಹಿತ. ಅಲ್ಯುಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಆಗುವ ಸಾವುಗಳು ಸಮತೋಲದ ವಿಷಯವಲ್ಲವಾದರೂ ಏಣಿ ಎತ್ತಿ ನಿಲ್ಲಿಸುವ ಮೊದಲು ತಲೆಯೆತ್ತಿ ನೋಡಿ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಇಷ್ಟು ಹೊತ್ತು ಬೀಳುವುದರ ಮಾತಾಯಿತು. ಸಮತೋಲಕ್ಕೆ ಇನ್ನೊಂದು ಮುಖವಿದೆ, ಅದು ತೂಗುವುದರದ್ದು. ಅಡ್ಡೆ ಹೊತ್ತವರನ್ನು ನೋಡಿ. 5 ಅಡಿಯ ಕೋಲಿನ ಒಂದು ತುದಿಗೆ 30 ಕಿಲೋ, ಇನ್ನೊಂದಕ್ಕೆ 20 ಕಿಲೋ ಕಟ್ಟಿದರೆ ಹೆಗಲು ನಡುವಿನಲ್ಲಿ ಇರುವುದಿಲ್ಲ. ಭಾರದ ಕಡೆಗೆ ಸರಿದು, 30 ಕಿಲೋದಿಂದ 2 ಅಡಿ, 20 ಕಿಲೋದಿಂದ 3 ಅಡಿ ದೂರದಲ್ಲಿ ನಿಲ್ಲುತ್ತದೆ. 30ನ್ನು 2ರಿಂದ ಗುಣಿಸಿದರೂ 60, 20ನ್ನು 3ರಿಂದ ಗುಣಿಸಿದರೂ 60. ಭಾರವನ್ನು ದೂರದಿಂದ ಗುಣಿಸಿದ ಲಬ್ಧ ಎರಡೂ ಕಡೆ ಸಮನಾದಾಗ ಕೋಲು ಸಮವಾಗಿ ನಿಲ್ಲುತ್ತದೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಆರ್ಕಿಮಿಡೀಸ್ ಇದನ್ನು ಸಾಧಿಸಿ ತೋರಿಸಿದ. ನಮ್ಮ ತುಂಗೆ ಭದ್ರೆಯರ ನೀರನ್ನು ಹೊಸಪೇಟೆಯಲ್ಲಿ ತಡೆದಿರುವ ಕಲ್ಲಿನ ಕಟ್ಟೆ ನಿಂತಿರುವುದೂ ಇದೇ ಲೆಕ್ಕದ ಮೇಲೆ: ನೀರು ಕಟ್ಟೆಯನ್ನು ಮುಂದಕ್ಕೆ ಮಗುಚಲು ನೋಡುತ್ತದೆ, ಕಟ್ಟೆಯ ತೂಕ ಅದನ್ನು ಹಿಡಿದಿಡುತ್ತದೆ. ನೀರಿನ ಎತ್ತರ ಎರಡರಷ್ಟಾದರೆ ಮಗುಚುವ ಬಲ ಎಂಟರಷ್ಟಾಗುವುದರಿಂದ ಕಟ್ಟೆಯ ಬುಡವನ್ನು ಅಷ್ಟು ದಪ್ಪ ಕಟ್ಟಿದ್ದಾರೆ. 2024ರ ಆಗಸ್ಟಿನಲ್ಲಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿ ಹೋದಾಗಲೂ ಮುರಿದದ್ದು ಗೇಟಿನ ಸರಪಳಿ, ಕಟ್ಟೆ ಅಲುಗಲಿಲ್ಲ.

ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ ಎರಡು ಕಲ್ಲು ಕಂಬಗಳು, ಅವುಗಳ ಮೇಲೆ ಒಂದು ಅಡ್ಡ ತೊಲೆ, ಸುಮಾರು 15 ಅಡಿ ಎತ್ತರದ ಕಟ್ಟಡವೊಂದಿದೆ. ಇದೇ ತುಲಾಭಾರ. ತೊಲೆಯ ಕೆಳಗೆ ತಕ್ಕಡಿ ತೂಗುಹಾಕಲು ಕಲ್ಲಿನಲ್ಲಿಯೇ ಕೊರೆದ ಬಳೆಗಳಿವೆ; ಒಂದು ಕಂಬದ ಬುಡದಲ್ಲಿ ಇಬ್ಬರು ರಾಣಿಯರೊಡನೆ ಅರಸನ ಕೆತ್ತನೆ ಇದೆ, ಕೃಷ್ಣದೇವರಾಯನೆಂದು ಹೇಳುತ್ತಾರೆ. ಗ್ರಹಣ, ಪಟ್ಟಾಭಿಷೇಕದಂಥ ಸಮಯದಲ್ಲಿ ಅರಸನನ್ನು ಚಿನ್ನದ ಎದುರು ತೂಗಿ ಆ ಚಿನ್ನವನ್ನು ದಾನ ಮಾಡುತ್ತಿದ್ದರೆಂದು ಪ್ರತೀತಿ. ರುಕ್ಮಿಣಿಯ ಒಂದು ತುಳಸೀದಳಕ್ಕೆ ಶ್ರೀಕೃಷ್ಣ ಮೇಲೆದ್ದ ಕಥೆಗೆ ಆರ್ಕಿಮಿಡೀಸನ ಲೆಕ್ಕ ನಿಲುಕುವುದಿಲ್ಲ, ಅದನ್ನು ಬಿಡೋಣ. ಅರಸನ ತೂಕದಲ್ಲಿ ಒಂದು ಮಣ ಹೆಚ್ಚಾದರೆ ದಾನ ಪಡೆದವನಿಗೆ ಲಾಭ. ನಮ್ಮ ಅಡಿಕೆಯ ತೂಕದಲ್ಲಿ ಹಾಗಲ್ಲವಷ್ಟೇ?

ತಕ್ಕಡಿ ಎರಡೂ ಕಡೆ ಖಾಲಿಯಿದ್ದಾಗ ಸಮವಾಗಿ ನಿಂತರೆ ಅದು ಸರಿಯೆಂದು ನಂಬುವವರೇ ಹೆಚ್ಚು. ಇದು ಸಾಲದು. ತೋಳುಗಳ ಉದ್ದದಲ್ಲಿ ವ್ಯತ್ಯಾಸವಿಟ್ಟು, ತಟ್ಟೆಯ ತೂಕದಲ್ಲಿ ಅದನ್ನು ಸರಿದೂಗಿಸಿದರೆ ಖಾಲಿ ತಕ್ಕಡಿ ಸಮವಾಗಿಯೇ ಕಾಣುತ್ತದೆ. ಮಾಲಿನ ಕಡೆಯ ತೋಳು 49 ಸೆಂ.ಮೀ., ಕಲ್ಲಿನ ಕಡೆಯದು 50 ಸೆಂ.ಮೀ. ಇದೆ ಎನ್ನಿ. ನಿಜವಾದ 50 ಕಿಲೋ ಮಾಲು 49 ಕಿಲೋ ಕಲ್ಲಿಗೆ ಸಮ ತೂಗುತ್ತದೆ. ಕ್ವಿಂಟಲಿಗೆ 2 ಕಿಲೋ ಹೋಯಿತು. ಕಂಡುಹಿಡಿಯುವುದು ಸುಲಭ: ಮಾಲು ಮತ್ತು ಕಲ್ಲಿನ ತಟ್ಟೆಗಳನ್ನು ಅದಲು ಬದಲು ಮಾಡಿ ಮತ್ತೆ ತೂಗಿ. ಈಗ 51 ಕಿಲೋ ತೋರುತ್ತದೆ. ಎರಡೂ ಸಲ ಒಂದೇ ತೂಕ ಬಂದರೆ ತಕ್ಕಡಿ ಸಾಚಾ. ಬೇರೆ ಬೇರೆ ಬಂದರೆ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸರಿಸುಮಾರು ನಿಜ ತೂಕವೇ ಸಿಗುತ್ತದೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಕರಾರುವಾಕ್ಕಾಗಿ ಸಿಗುತ್ತದೆ. ಅದಲು ಬದಲು ಮಾಡಲು ಬಿಡದ ವ್ಯಾಪಾರಿಯ ತಕ್ಕಡಿಯನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ.

ಈಗ ಎಲ್ಲೆಡೆ ಎಲೆಕ್ಟ್ರಾನಿಕ್ ತೂಕದ ಯಂತ್ರಗಳು ಬಂದಿವೆ, ತೋಳುಗಳ ಮೋಸ ಅಲ್ಲಿ ಇಲ್ಲ. ಆದರೆ ಅದೂ ಸಮತಟ್ಟಾಗಿ ಕೂರಬೇಕು. ಅದಕ್ಕೆಂದೇ ಮೂಲೆಯಲ್ಲಿ ನೀರಿನ ಗುಳ್ಳೆ ಕೊಟ್ಟಿರುತ್ತಾರೆ, ಗುಳ್ಳೆ ವೃತ್ತದ ನಡುವೆ ಇರಬೇಕು. 5 ಡಿಗ್ರಿ ವಾಲಿದರೆ ಕ್ವಿಂಟಲಿಗೆ ಸುಮಾರು 400 ಗ್ರಾಂ, 10 ಡಿಗ್ರಿ ವಾಲಿದರೆ ಒಂದೂವರೆ ಕಿಲೋ ಕಡಿಮೆ ತೋರಬಹುದು. ಚೀಲ ಗೋಡೆಗಾಗಲಿ ಪಕ್ಕದ ಚೀಲಕ್ಕಾಗಲಿ ಒರಗಿದ್ದರೆ ಅದರ ಭಾರದ ಒಂದು ಪಾಲನ್ನು ಗೋಡೆಯೇ ಹೊತ್ತಿರುತ್ತದೆ. ಮಾಲು ಇಡುವ ಮೊದಲು ಸೊನ್ನೆ ಇದೆಯೇ ನೋಡಿ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯ ಪ್ರಕಾರ ಯಂತ್ರದ ಮೇಲೆ ಇಲಾಖೆಯ ಮುದ್ರೆ ಇರಬೇಕು, ಅವಧಿಗೊಮ್ಮೆ ಅದನ್ನು ಹೊಸದಾಗಿ ಹಾಕಿಸಬೇಕು. ಮುದ್ರೆಯ ಅವಧಿಯನ್ನು ಕೇಳಿ ನೋಡುವ ಹಕ್ಕು ತಮ್ಮದು. ಕೊನೆಯದಾಗಿ, ಮುದ್ರೆಯುಳ್ಳ 20 ಕಿಲೋ ಕಲ್ಲೊಂದನ್ನು ಹಲಗೆಯ ನಡುವಿನಲ್ಲಿಟ್ಟು, ಬಳಿಕ ನಾಲ್ಕು ಮೂಲೆಗಳಲ್ಲೂ ಇಟ್ಟು ನೋಡಿ. ಐದೂ ಕಡೆ ಒಂದೇ ಅಂಕಿ ಬರಬೇಕು. ಅಂಥ ಎರಡು ಕಲ್ಲುಗಳನ್ನು ನಮ್ಮ ಸಂಘದ ಗೋದಾಮಿನಲ್ಲಿ ಇಟ್ಟಿದ್ದೇವೆ. ಮಾಲು ಮಾರುವ ದಿನ ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಹಾಕಿ ಒಯ್ಯಬಹುದು, ಸಂಜೆಯೊಳಗೆ ಹಿಂದಕ್ಕೆ ತಂದಿಟ್ಟರಾಯಿತು.